ಏಳೋ ಎಂಟೋ: ಒಂದು ಆನೆ ಪೈಸೆಯ ಕಿಲುಬು ಬಿಡಿಸಿದ ದಾಖಲೆ

ವರ್ಷ ಮುಗಿಯುತ್ತ ಬಂದಾಗ ನಾಣ್ಯ ಸಂಗ್ರಹಿಸುವವರು ಒಬ್ಬರನ್ನೊಬ್ಬರು ತಪ್ಪದೆ ಕೇಳುವುದು ಒಂದೇ ಪ್ರಶ್ನೆ: ಈ ವರ್ಷ ಕೈಗೆ ಬಂದವುಗಳಲ್ಲಿ ನಿಮಗೆ ಅತಿ ಪ್ರಿಯವಾದದ್ದು ಯಾವುದು? ಈ ಬಾರಿ ನನ್ನ ಉತ್ತರಕ್ಕೆ ಬೆಲೆಯ ಬೆಂಬಲವೇನೂ ಇಲ್ಲ. ಅದು ಟಿಪ್ಪು ಸುಲ್ತಾನನ ಕಾಲದ, ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಅಚ್ಚಾದ, ಆನೆಯ ಚಿತ್ರವಿರುವ ಒಂದು ತಾಮ್ರದ ಪೈಸೆ. ಮೈಸೂರು ಸೀಮೆಯ ನಾಣ್ಯಗಳಲ್ಲಿ ಆಸಕ್ತಿಯಿರುವವರ ಬಳಿ ಇಂಥವು ನಾಲ್ಕಾರಾದರೂ ಇದ್ದೇ ಇರುತ್ತವೆ. ಆದರೆ ಇದು ನನಗೆ ಬಂದದ್ದು ಒಂದು ಕೆಲಸದ ಜೊತೆಗೆ, ಮತ್ತು ಆ ಕೆಲಸ ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ ನನ್ನನ್ನು ಹಿಡಿದಿಟ್ಟಿತು. ಮಾಡಿದ್ದನ್ನು, ಕೆಡಿಸಿದ್ದನ್ನು, ಮಾಡದೆ ಬಿಟ್ಟದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾಣ್ಯ ಕೊಟ್ಟವರು ಮಂಡ್ಯದಲ್ಲಿರುವ ನಿವೃತ್ತ ಪ್ರೌಢಶಾಲಾ ಮೇಷ್ಟ್ರು. ಅವರಿಗೀಗ ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ. ಸಂಗ್ರಹವನ್ನು ಒಂದೊಂದಾಗಿ ಕೊಟ್ಟು ಕೈಖಾಲಿ ಮಾಡಿಕೊಳ್ಳುತ್ತಿದ್ದಾರೆ. ಹಳೆಯ ಮೆತ್ತನೆಯ ಪ್ಲಾಸ್ಟಿಕ್ ಆಲ್ಬಮ್ಮಿನ ಜೇಬಿನಿಂದ ಈ ಪೈಸೆಯನ್ನು ಎಳೆಯುವಾಗ ಅದು ಅಂಟಿಕೊಂಡಿತ್ತು. ಎಳೆದ ಮೇಲೆ ಬೆರಳಿಗೆ ಹಸಿರು ಜಿಡ್ಡು ಹತ್ತಿತು. "ತಗೊಳ್ಳಮ್ಮ, ನನ್ನ ಹತ್ತಿರವೇ ಇದ್ದರೆ ಇದನ್ನು ಕಿಲುಬು ತಿಂದು ಮುಗಿಸುತ್ತೆ. ಒಂದೇ ಒಂದು ಕೆಲಸ ಮಾಡಿಕೊಡು. ಇಸವಿಯ ಆ ಕೊನೆಯ ಅಂಕಿ ಏಳೋ ಎಂಟೋ ನೋಡಿ ಹೇಳು" ಎಂದರು. ನಾಣ್ಯದ ಜೊತೆಗಿದ್ದ ಪುಟ್ಟ ಚೀಟಿಯಲ್ಲಿ, ಅವರದೇ ದುಂಡು ಅಕ್ಷರದಲ್ಲಿ, "ಪಟನ್, 1217?" ಎಂದಿತ್ತು. ಆ ಪ್ರಶ್ನಾರ್ಥಕ ಚಿಹ್ನೆಗೆ ಸುಮಾರು ಐವತ್ತು ವರ್ಷ ವಯಸ್ಸಾಗಿತ್ತು.

ಈ ಏಳು–ಎಂಟರ ತಕರಾರನ್ನು ಮೊದಲು ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಕೆಲಸವೆಲ್ಲ ಅದರ ಸುತ್ತಲೇ ನಡೆಯಿತು. ಟಿಪ್ಪು ಆಳ್ವಿಕೆಯ ಮೊದಲ ವರ್ಷಗಳ ನಾಣ್ಯಗಳ ಮೇಲೆ ಹಿಜರಿ ವರ್ಷಗಳಿವೆ. ಸುಮಾರು 1787ರಿಂದ ಅವನು ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಜಾರಿಗೆ ತಂದನು. ನಾಣ್ಯಗಳ ಮೇಲೆ ಅದು 1215ರಿಂದ ಆರಂಭವಾಗಿ 1227ಕ್ಕೆ, ಅಂದರೆ ಅವನು ಮಡಿದ 1799ಕ್ಕೆ, ನಿಲ್ಲುತ್ತದೆ. ಹೆಸರು ಹೊಸದಾದರೂ ಈ ಪಂಚಾಂಗದ ಮೈಕಟ್ಟು ನಮಗೆ ಪರಿಚಿತವಾದದ್ದೇ. ಅದು ಚಾಂದ್ರಮಾನ ಮತ್ತು ಸೌರಮಾನಗಳನ್ನು ಹೊಂದಿಸಿದ ಲೆಕ್ಕ. ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲಿ ಹುಟ್ಟುತ್ತದೆ, ಅರವತ್ತು ವರ್ಷಗಳ ಚಕ್ರವೂ ಇದೆ. ಹೀಗಾಗಿ ಮೌಲೂದಿ ವರ್ಷವನ್ನು ಸಂವತ್ಸರದ ಹೆಸರಿಗೆ ತಾಳೆ ಹಾಕುವುದು ಕಷ್ಟವಲ್ಲ: 1215 ಎಂದರೆ ಪ್ಲವಂಗ, 1217 ಎಂದರೆ ಸೌಮ್ಯ, 1218 ಎಂದರೆ ಸಾಧಾರಣ. ಇನ್ನೊಂದು ವಿಶೇಷವೆಂದರೆ, ಈ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿರುತ್ತಾರೆ. ಆದ್ದರಿಂದ ನಾವು ಹುಡುಕುವ ಕೊನೆಯ ಅಂಕಿ ನಾಣ್ಯದ ಮೇಲೆ ಎಡ ತುದಿಯಲ್ಲಿರುತ್ತದೆ.

ಪಾರಸಿ ಬರಹದಲ್ಲಿ ಏಳು ಎಂಬುದು ಕವಲು ಮೇಲೆ ಮಾಡಿ ಹಿಡಿದ ಕವಣೆಯಂತೆ. ಎಂಟು ಅದನ್ನೇ ಬೋರಲು ಹಾಕಿದಂತೆ, ಜೋಪಡಿಯ ಮಾಡಿನ ಹಾಗೆ. ನನ್ನ ನಾಣ್ಯದಲ್ಲಿ ಕಾಣುತ್ತಿದ್ದದ್ದು ಆನೆಯ ಬೆನ್ನಿನ ಮೇಲುಗಡೆ ಬಲದಿಂದ ಒಂದು, ಎರಡು, ಒಂದು. ಆಮೇಲೆ ಬಲಕ್ಕೆ ವಾಲಿದ ಒಂದೇ ಒಂದು ಓರೆ ಗೆರೆ, ಅದರ ಎರಡೂ ಬದಿಗೆ ಹಸಿರು ಗಂಟು. ಆ ಗೆರೆ ಏಳರ ಬಲಗವಲೂ ಆಗಬಹುದು, ಎಂಟರ ಎಡಗಾಲೂ ಆಗಬಹುದು. ಮೇಷ್ಟ್ರು ಏಳೆಂದು ಊಹಿಸಿದ್ದಕ್ಕೆ ಕಾರಣವಿತ್ತು. ಈ ಪೈಸೆಗಳಲ್ಲಿ ತಾಮ್ರದ ಬಿಲ್ಲೆ ಅಚ್ಚಿಗಿಂತ ಚಿಕ್ಕದಾಗಿರುವುದು ಸಾಮಾನ್ಯ; ಇನ್ನೊಂದು ಕವಲು ಬಿಲ್ಲೆಯ ಅಂಚಿನಾಚೆಗೆ ಬಿದ್ದು ಅಚ್ಚಾಗದೆ ಹೋಗಿದೆಯೆಂದು ಅವರು ತಿಳಿದಿದ್ದರು.

ಮೊದಲ ವಾರ ನಾನು ನಾಣ್ಯವನ್ನು ಮುಟ್ಟಲಿಲ್ಲ, ನೋಡಿದೆ ಅಷ್ಟೆ. ತೂಕ 11.31 ಗ್ರಾಂ. ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದರೆ ಅಗಲವಿರುವ ಕಡೆ 23 ಮಿಲಿಮೀಟರ್, ಕಿರಿದಾದ ಕಡೆ 22. ಮುಂಭಾಗದಲ್ಲಿ ಬಲಕ್ಕೆ ಮುಖ ಮಾಡಿ ನಡೆಯುತ್ತಿರುವ ಆನೆ. ಹಿಂಭಾಗದಲ್ಲಿ "ಜರ್ಬ್ ಪಟನ್", ಅಂದರೆ ಪಟ್ಟಣದಲ್ಲಿ ಅಚ್ಚಾದದ್ದು ಎಂಬ ಬರಹ. ಎರಡೂ ಕಡೆ ಅಂಚಿನಲ್ಲಿ ಜೋಡಿ ಗೆರೆಗಳ ವೃತ್ತ, ಅವುಗಳ ನಡುವೆ ಚುಕ್ಕೆಗಳ ಸಾಲು. ಟಿಪ್ಪುವಿನ ಟಂಕಸಾಲೆಗಳ ಹೆಸರು ಓದುವುದೇ ಒಂದು ಮೋಜು, ಏಕೆಂದರೆ ಅವನು ಹಲವು ಊರುಗಳಿಗೆ ಹೊಸ ಹೆಸರಿಟ್ಟಿದ್ದನು: ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್ ಆಗಿರುತ್ತದೆ, ಧಾರವಾಡ ಖುರ್ಷಿದ್ ಸವಾದ್, ಗುತ್ತಿ ಫೈಜ್ ಹಿಸಾರ್. ರಾಜಧಾನಿ ಪಟನ್ ಆಗಿಯೇ ಉಳಿಯಿತು. ನಾಣ್ಯಗಳಿಗೂ ಅವನು ಗ್ರಹ ನಕ್ಷತ್ರಗಳ ಹೆಸರಿಟ್ಟನು. ಪೈಸೆ ಜೋಹ್ರಾ, ಅಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಅಂದರೆ ಮಂಗಳ. ನನ್ನ ನಾಣ್ಯದ ಮೇಲೆ ಜೋಹ್ರಾ ಎಂಬ ಮಾತು ಇಲ್ಲ, ಬರಿಯ ಊರಿನ ಹೆಸರಿದೆ.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪಿನಲ್ಲಿ ಮೂರು ಬಗೆಯ ಹಸಿರು ಕಂಡಿತು, ಮತ್ತು ಈ ಮೂರನ್ನು ಬೇರ್ಪಡಿಸಿ ನೋಡುವುದೇ ಅರ್ಧ ಕೆಲಸ. ಮೊದಲನೆಯದು ಗಾಢವಾದ, ಗಟ್ಟಿಯಾದ, ನುಣುಪಾದ ಹಸಿರು. ಅದು ತಾಮ್ರ ಗಾಳಿ ನೀರುಗಳೊಡನೆ ನಿಧಾನವಾಗಿ ಬೆಸೆದು ತಾನೇ ಹೊದ್ದುಕೊಂಡ ಹೊದಿಕೆ. ಅದರ ಕೆಳಗಿನ ಕೆಂಪುಕಂದು ಪದರದ ಜೊತೆ ಸೇರಿ ಅದು ನಾಣ್ಯವನ್ನು ಕಾಯುತ್ತದೆ, ಆದ್ದರಿಂದ ಅದನ್ನು ಕೀಳಬಾರದು. ಎರಡನೆಯದು ಅಂಟಂಟಾದ ಜಿಡ್ಡು. ಅದು ಆಲ್ಬಮ್ಮಿನ ಕೊಡುಗೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಹಳೆಯದಾಗುತ್ತ ಅದನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ಪದಾರ್ಥವನ್ನು ಬೆವರುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಬಿಡುತ್ತದೆ. ಮೂರನೆಯದು ಇಸವಿಯ ಹತ್ತಿರ, ಗಂಟಿನ ಬುಡದಲ್ಲಿ, ರವೆಯಂತೆ ಪುಡಿಪುಡಿಯಾಗಿದ್ದ ತಿಳಿಹಸಿರು. ನನಗೆ ಭಯವಾದದ್ದು ಅದನ್ನು ಕಂಡು.

ಹೈಡ್ರೋಕ್ಲೋರಿಕ್ ಆಮ್ಲದಲ್ಲಿರುವ ಕ್ಲೋರೈಡ್ ತಾಮ್ರದೊಳಗೆ ಹೊಕ್ಕಿದ್ದರೆ ಅದು ಸುಮ್ಮನೆ ಕೂರುವುದಿಲ್ಲ. ತಾಮ್ರದ ಕ್ಲೋರೈಡು ಗಾಳಿಯ ತೇವ ಮತ್ತು ಆಮ್ಲಜನಕದೊಡನೆ ಸೇರಿ ಒಡೆಯುತ್ತದೆ, ಒಡೆಯುವಾಗ ಮತ್ತೆ ಆಮ್ಲ ಹುಟ್ಟುತ್ತದೆ, ಆ ಆಮ್ಲ ಒಳಗಿನ ಒಳ್ಳೆಯ ತಾಮ್ರವನ್ನು ತಿಂದು ಹೊಸ ಕ್ಲೋರೈಡನ್ನು ಮಾಡುತ್ತದೆ. ತೇವ ಸಿಗುತ್ತಿರುವಷ್ಟು ಕಾಲವೂ ಈ ಚಕ್ರ ನಿಲ್ಲುವುದಿಲ್ಲ. ವಸ್ತುಸಂಗ್ರಹಾಲಯದವರು ಇದನ್ನು ಕಂಚಿನ ರೋಗ ಎನ್ನುತ್ತಾರೆ. ತಾಮ್ರಕ್ಕೂ ಅದೇ ಹೆಸರು ನಡೆಯುತ್ತದೆ. ಮುಂಗಾರಿನ ಮೈಸೂರಿನಲ್ಲಿ ಅದಕ್ಕೆ ತೇವದ ಕೊರತೆಯಂತೂ ಇಲ್ಲ.

ಇಲ್ಲಿ ಹುಣಸೆಹಣ್ಣಿನ ವಿಷಯ ಹೇಳಲೇಬೇಕು. ತಾಮ್ರದ ತಂಬಿಗೆಗೆ ಹುಣಸೆಹಣ್ಣು ಹಾಕಿ ಉಜ್ಜುವುದನ್ನು ಹುಟ್ಟಿದಾಗಿನಿಂದ ನೋಡಿದ ನಮಗೆ ತಾಮ್ರದ ನಾಣ್ಯ ಕಂಡರೂ ಕೈ ಅತ್ತಲೇ ಹೋಗುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ ಕಿಲುಬನ್ನೂ ತೆಗೆಯುತ್ತದೆ, ಇನ್ನೂರು ವರ್ಷದ ಕಂದು ಹೊದಿಕೆಯನ್ನೂ ತೆಗೆಯುತ್ತದೆ. ಉಳಿಯುವುದು ಈಗತಾನೇ ಸಿಪ್ಪೆ ಸುಲಿದಂತಹ ಕೆಂಪು ಲೋಹ. ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಒಂದು ಕಾಸನ್ನು ಹೀಗೆಯೇ ಬೆಳಗಿ ಮನೆಯವರಿಗೆಲ್ಲ ತೋರಿಸಿ ಹೊಗಳಿಸಿಕೊಂಡಿದ್ದೆ. ಅದು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಯಾವುದಾದರೂ ನಾಣ್ಯವನ್ನು ತೊಳೆಯಬೇಕೆಂದು ತೋರಿದಾಗಲೆಲ್ಲ ಮೊದಲು ಅದನ್ನು ತೆಗೆದು ನೋಡುತ್ತೇನೆ.

ಜುಲೈ 6ರಂದು ಅಸಿಟೋನಿನಿಂದ ಆರಂಭಿಸಿದೆ. ಅಸಿಟೋನು ತಾಮ್ರವನ್ನಾಗಲಿ ಅದರ ಸಹಜ ಹೊದಿಕೆಯನ್ನಾಗಲಿ ಮುಟ್ಟುವುದಿಲ್ಲ, ಪಿವಿಸಿಯ ಜಿಡ್ಡನ್ನು ಮಾತ್ರ ಕರಗಿಸುತ್ತದೆ. ಉಗುರುಬಣ್ಣ ತೆಗೆಯಲು ಮಾರುವ ದ್ರವ ಬೇಡ, ಅದರಲ್ಲಿ ಸುವಾಸನೆ, ಎಣ್ಣೆ ಎಂದು ಏನೇನೋ ಬೆರೆಸಿರುತ್ತಾರೆ; ಪ್ರಯೋಗಾಲಯಕ್ಕೆ ಮಾರುವ ಶುದ್ಧ ಅಸಿಟೋನೇ ಬೇಕು, ಗಾಜಿನ ಬಟ್ಟಲೇ ಬೇಕು. ಅದರ ಆವಿಗೆ ಬಲು ಬೇಗ ಬೆಂಕಿ ಹತ್ತುತ್ತದೆ. ನಮ್ಮ ಮನೆಯಲ್ಲಿ ನನ್ನ ಮೇಜಿನ ಪಕ್ಕದ ಗೋಡೆಯಾಚೆಗೇ ದೇವರ ಕೋಣೆ. ಸಂಜೆ ಅತ್ತೆಯವರು ದೀಪ ಹಚ್ಚುವ ಹೊತ್ತಾದ್ದರಿಂದ ಬಟ್ಟಲನ್ನು ಎತ್ತಿಕೊಂಡು ಮಹಡಿಯ ಬಾಲ್ಕನಿಗೆ ಹೋದೆ, ಮೇಲೊಂದು ಗಾಜಿನ ತಟ್ಟೆ ಮುಚ್ಚಿದೆ. ಅರ್ಧ ಗಂಟೆಯಲ್ಲಿ ದ್ರವ ತಿಳಿಹಸಿರಾಯಿತು. ಮೂರು ಬಾರಿ ಬದಲಿಸಿದ ಮೇಲೆ, ನಾಲ್ಕನೆಯ ಬಟ್ಟಲು ಬೆಳಗಿನವರೆಗೂ ತಿಳಿನೀರಿನಂತೆ ಉಳಿಯಿತು. ನಾಣ್ಯ ಒಣಗಿದಾಗ ಆನೆಯ ಕಾಲುಗಳ ನಡುವಿನ ಜಾಗ ಮೊದಲ ಬಾರಿಗೆ ಬಿಡಿಸಿ ಕಂಡಿತು. ಆದರೆ ತಿಳಿಹಸಿರು ಪುಡಿ ಹಾಗೆಯೇ ಇತ್ತು, ಗಂಟೂ ಅಲುಗಿರಲಿಲ್ಲ.

ಪುಡಿ ಹಳೆಯ ಗಾಯದ ಗುರುತೋ ಈಗಲೂ ತಿನ್ನುತ್ತಿರುವ ರೋಗವೋ ತಿಳಿಯಲು ಒಂದು ಸುಲಭದ ಪರೀಕ್ಷೆಯಿದೆ. ಕಾಣುವ ಪುಡಿಯನ್ನು ಬಿದಿರಿನ ಕಡ್ಡಿಯಿಂದ ಕೆರೆದು ತೆಗೆದು, ನಾಣ್ಯವನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಒದ್ದೆ ಹತ್ತಿಯ ಪಕ್ಕದಲ್ಲಿ, ಹತ್ತಿ ತಾಗದಂತೆ ಇಡಬೇಕು. ಎರಡು ರಾತ್ರಿ ಕಳೆದು ತೆಗೆದಾಗ ಕೆರೆದ ಜಾಗದಲ್ಲೇ ಸೂಜಿಮೊನೆಯಷ್ಟು ದೊಡ್ಡ ಮೂರು ಹೊಸ ತಿಳಿಹಸಿರು ಚುಕ್ಕೆಗಳು ಎದ್ದಿದ್ದವು. ರೋಗ ಜೀವಂತವಾಗಿತ್ತು. ಅಲ್ಲಿಗೆ ಇದು ಕೇವಲ ಅಂಕಿ ಓದುವ ಕೆಲಸವಾಗಿ ಉಳಿಯಲಿಲ್ಲ.

ಕ್ಲೋರೈಡನ್ನು ಹೊರಗೆಳೆಯಲು ಹಳೆಯ ಕ್ರಮ ಸೋಡಿಯಂ ಸೆಸ್ಕ್ವಿಕಾರ್ಬೊನೇಟಿನಲ್ಲಿ ನೆನೆಹಾಕುವುದು. ಹೆಸರು ದೊಡ್ಡದಾದರೂ ಅದು ಅಗಸರ ಸೋಡಾ ಮತ್ತು ಅಡುಗೆ ಸೋಡಾಗಳ ಮಿಶ್ರಣ, ಅಷ್ಟೆ. 250 ಮಿಲಿಲೀಟರ್ ಬಟ್ಟಿ ಇಳಿಸಿದ ನೀರಿಗೆ ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್ 7 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 5.5 ಗ್ರಾಂ ಹಾಕಿದರೆ ಶೇ. 5ರ ದ್ರಾವಣವಾಗುತ್ತದೆ. ಅಂಗಡಿಯ ಹರಳು ವಾಷಿಂಗ್ ಸೋಡಾ ಬಳಸಿದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಈ ಲೆಕ್ಕ ನಿಲ್ಲುವುದಿಲ್ಲ. ಈ ಕ್ರಮಕ್ಕೆ ದೋಷವೂ ಇದೆ: ಹೆಚ್ಚು ಕಾಲ ಬಿಟ್ಟರೆ ಅದು ಒಳ್ಳೆಯ ತಾಮ್ರದಂಶವನ್ನೂ ಕರಗಿಸುತ್ತದೆ, ದ್ರಾವಣ ನೀಲಿಗೆ ತಿರುಗುತ್ತದೆ, ಮೇಲ್ಮೈಯಲ್ಲಿ ನೀಲಿಹಸಿರು ಛಾಯೆಯ ಹೊಸ ಲವಣ ಕೂಡುವುದೂ ಉಂಟು. ಆದ್ದರಿಂದ ದಿನವೂ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಬೀಕರನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡುವುದು ನನ್ನ ಅಭ್ಯಾಸವಾಯಿತು. ವಾರಕ್ಕೊಮ್ಮೆ ದ್ರಾವಣವನ್ನು ಬದಲಿಸುತ್ತಿದ್ದೆ.

ಕ್ಲೋರೈಡ್ ಇನ್ನೂ ಬರುತ್ತಿದೆಯೇ ಎಂದು ತಿಳಿಯುವುದು ಸಿಲ್ವರ್ ನೈಟ್ರೇಟಿನಿಂದ. ಬದಲಿಸಿದ ದ್ರಾವಣದ ಸ್ವಲ್ಪ ಭಾಗಕ್ಕೆ ನೊರೆ ನಿಲ್ಲುವವರೆಗೆ ನೈಟ್ರಿಕ್ ಆಮ್ಲ ಹಾಕಿ, ಆಮೇಲೆ ಸಿಲ್ವರ್ ನೈಟ್ರೇಟಿನ ಎರಡು ಹನಿ ಬಿಡಬೇಕು. ಕ್ಲೋರೈಡ್ ಇದ್ದರೆ ಹಾಲು ಒಡೆದಂತೆ ಬಿಳಿಯಾಗುತ್ತದೆ. ಆಮ್ಲ ಹಾಕುವುದನ್ನು ಮರೆತರೆ ಕಾರ್ಬೊನೇಟೇ ಬೆಳ್ಳಿಯನ್ನು ಹಿಡಿದು ಮಸಕು ಮಾಡಿ ನಮ್ಮನ್ನು ಮೋಸಗೊಳಿಸುತ್ತದೆ. ನಾನು ವೃತ್ತಿಯಿಂದ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಈ ಪರೀಕ್ಷೆಯನ್ನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಮಾಡಿ ತೋರಿಸಿದವಳು. ಮೊದಲ ವಾರ ದಟ್ಟ ಬಿಳುಪು, ಎರಡನೆಯ ವಾರ ಅದಕ್ಕಿಂತ ತೆಳು, ಮೂರನೆಯ ವಾರ ಬರಿಯ ಮಂಜು. ನಾಲ್ಕನೆಯ ವಾರ ಮತ್ತೆ ದಟ್ಟ ಬಿಳುಪು.

ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲವೆಂದರೆ ನಗಬಾರದು. ನಾಣ್ಯದೊಳಗೆ ಎಲ್ಲೋ ಹೊಸ ಗುಳಿ ತೆರೆದಿದೆಯೆಂದೇ ಭಾವಿಸಿ, ಇನ್ನೊಂದು ವಾರ ದ್ರಾವಣದಲ್ಲಿ ಬಿಟ್ಟೆ; ದ್ರಾವಣಕ್ಕೆ ತುಸು ನೀಲಿ ಬಂತು, ಹಿಂಭಾಗದಲ್ಲಿ ಜರ್ಬ್ ಎಂಬುದರ ಬೇ ಅಕ್ಷರದ ಉದ್ದನೆಯ ಗೆರೆಯ ಪಕ್ಕ ಹೊದಿಕೆ ಸ್ವಲ್ಪ ತೆಳುವಾಯಿತು. ಆಮೇಲೆ ತಿಳಿದದ್ದೇನೆಂದರೆ, ಆ ವಾರ ಅವಸರದಲ್ಲಿ ಪರೀಕ್ಷೆಯ ನಳಿಕೆಯನ್ನು ಅಡುಗೆಮನೆಯ ನಲ್ಲಿ ನೀರಿನಲ್ಲಿ ತೊಳೆದು ಹಾಗೆಯೇ ಬಳಸಿದ್ದೆ. ಬಿಳುಪಾದದ್ದು ನಾಣ್ಯದ ಕ್ಲೋರೈಡಿಗಲ್ಲ, ನಲ್ಲಿಯ ನೀರಿನ ಕ್ಲೋರೈಡಿಗೆ. ಖಾಲಿ ನಳಿಕೆಯಲ್ಲಿ ಬಟ್ಟಿ ಇಳಿಸಿದ ನೀರನ್ನಷ್ಟೇ ಹಾಕಿ ಹೋಲಿಸಿ ನೋಡಬೇಕೆಂದು ವಿದ್ಯಾರ್ಥಿಗಳಿಗೆ ಹೇಳುವವಳು ನಾನೇ. ಆ ತೆಳುವಾದ ಜಾಗ ಈಗಲೂ ಇದೆ, ಫೋಟೋದಲ್ಲಿಯೂ ಬಂದಿದೆ.

ಆಗಸ್ಟ್ 12ಕ್ಕೆ ಪರೀಕ್ಷೆ ಸಂಪೂರ್ಣ ತಿಳಿಯಾಯಿತು. ಅಲ್ಲಿಂದ ಒಂಬತ್ತು ದಿನ ಬರಿಯ ಬಟ್ಟಿ ಇಳಿಸಿದ ನೀರಿನಲ್ಲಿ, ದಿನಕ್ಕೊಮ್ಮೆ ಬದಲಿಸುತ್ತ, ಸೋಡಾದ ಅಂಶವನ್ನು ಹೊರಗೆ ತೆಗೆದೆ. ಕೊನೆಗೆ ಅಸಿಟೋನಿನಲ್ಲಿ ಅದ್ದಿ, ಅದೆಲ್ಲ ಹಾರಿಹೋದ ಮೇಲೆ ಮೇಜಿನ ದೀಪದ ಕೆಳಗೆ ಎರಡು ಗಂಟೆ ಒಣಗಿಸಿದೆ.

ಇನ್ನು ಗಂಟು. ಇದಕ್ಕೆ ಲೋಹದ ಸೂಜಿ ಸಲ್ಲದು, ಉಕ್ಕು ತಾಮ್ರವನ್ನು ಗೀರುತ್ತದೆ. ಬಿದಿರಿನ ಕಡ್ಡಿಯ ಮೊನೆ ನಾಲ್ಕು ಸಲ ಒತ್ತುವುದರೊಳಗೆ ಕುಂಚದಂತಾಗುತ್ತದೆ. ಕೊನೆಗೆ ಒದಗಿದ್ದು ಜಾಲಿ ಮುಳ್ಳು. ಊರಿಗೆ ಹೋದಾಗ ಕೆರೆ ಏರಿಯ ಪಕ್ಕದ ಜಾಲಿಯಿಂದ ಒಂದು ಹಿಡಿ ಒಣಮುಳ್ಳು ತಂದೆ. ಅದರ ಮೊನೆ ಗಂಟನ್ನು ಬಿಡಿಸುವಷ್ಟು ಗಟ್ಟಿ, ತಾಮ್ರಕ್ಕಿಂತ ಮೆದು, ಮುರಿದರೆ ಇನ್ನೊಂದನ್ನು ತೆಗೆದುಕೊಂಡರಾಯಿತು. ಮುಳ್ಳನ್ನು ಕಡ್ಡಿ ಪೆನ್ಸಿಲಿನ ಹಿಡಿಕೆಯೊಳಗೆ ಸಿಕ್ಕಿಸಿ, ನಾಣ್ಯವನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು, ಕಂಪ್ಯೂಟರಿಗೆ ಜೋಡಿಸುವ ಸಣ್ಣ ಸೂಕ್ಷ್ಮದರ್ಶಕದ ಕೆಳಗೆ ಕೆಲಸ ಹಿಡಿದೆ. ಒಂದು ಹೊತ್ತಿಗೆ ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ; ಇಪ್ಪತ್ತರ ಮೇಲೆ ಕೈಗೆ ಹುಂಬ ಧೈರ್ಯ ಬರುತ್ತದೆ. ಗಂಟಿನ ಮೇಲೆ ಬಟ್ಟಿ ನೀರಿನ ಒಂದು ಹನಿ, ಒಂದು ನಿಮಿಷದ ಕಾಯುವಿಕೆ, ನಂತರ ಮೊನೆಯನ್ನು ಮಲಗಿಸಿ ಅಂಚಿನಿಂದ ಒಳಕ್ಕೆ ಮೆಲ್ಲನೆ ತಳ್ಳುವುದು. ಸುಣ್ಣದ ಪದರ ಬಿಡುವಂತೆ ಚೂರುಚೂರಾಗಿ ಬಿಡುತ್ತದೆ. ಒಂದು ಸಂಜೆಗೆ ಗಸಗಸೆ ಕಾಳಿನಷ್ಟು ಜಾಗ ತೆರೆದರೆ ಅದು ಒಳ್ಳೆಯ ಸಂಜೆ.

ಮೊದಲು ಎಡಬದಿಯನ್ನು ತೆರೆದೆ. ಮೇಷ್ಟ್ರ ಊಹೆಯಂತೆ ಅದು ಏಳಾಗಿದ್ದರೆ ಓರೆ ಗೆರೆಯ ಬುಡದಿಂದ ಎಡಕ್ಕೆ ಇನ್ನೊಂದು ಕವಲು ಏಳಬೇಕು. ಅಂಚಿನವರೆಗೂ ಹೋದೆ, ಅಲ್ಲಿ ಬೋಳು ತಾಮ್ರ, ಅದರಾಚೆಗೆ ಅಂಚಿನ ಒಂದು ಚುಕ್ಕೆ. ಕವಲಿಗೆ ಬೇಕಾದಷ್ಟು ಜಾಗ ಬಿಲ್ಲೆಯ ಮೇಲೆಯೇ ಇತ್ತು, ಕವಲು ಮಾತ್ರ ಇರಲಿಲ್ಲ. ಇಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು, ಏಕೆಂದರೆ ಅದು ಸವೆದು ಹೋಗಿರಬಹುದು. ಬಲಬದಿಗೆ ತಿರುಗಿದೆ. ಸೆಪ್ಟೆಂಬರ್ 3ರ ಸಂಜೆ ಓರೆ ಗೆರೆಯ ನೆತ್ತಿಯ ಹತ್ತಿರ ಒಂದು ದಪ್ಪ ಚೂರು ಮುಳ್ಳಿನ ಮೊನೆಗೆ ಅಲುಗಾಡಿತು. ನಿಲ್ಲಿಸಬೇಕಿತ್ತು, ಇಪ್ಪತ್ತು ನಿಮಿಷ ಆಗಿಹೋಗಿತ್ತು, ನಿಲ್ಲಿಸದೆ ತಳ್ಳಿದೆ. ಚೂರು ಚಿಮ್ಮಿತು, ಅದರೊಡನೆ ಕೆಳಗಿನ ಕಂದು ಹೊದಿಕೆಯೂ ಅರ್ಧ ಸಾಸಿವೆಯಷ್ಟು ಎದ್ದುಬಂದು, ಅಲ್ಲಿ ಎಳೆಗೂಸಿನ ಅಂಗೈಯಂಥ ಗುಲಾಬಿ ತಾಮ್ರ ಕಂಡಿತು. ಆ ಗುಲಾಬಿ ಚುಕ್ಕೆಯ ಪಕ್ಕದಲ್ಲಿಯೇ, ಓರೆ ಗೆರೆಯ ನೆತ್ತಿಯಿಂದ ಬಲಕ್ಕೆ, ಇಳಿಜಾರಾಗಿ ಹೊರಟ ಒಂದು ಉಬ್ಬು. ಮಾರನೆಯ ದಿನದಿಂದ ಶಿಸ್ತಾಗಿ ಐದು ಸಂಜೆ ಕೆಲಸ ಮಾಡಿ ಅದನ್ನು ಕೊನೆಯವರೆಗೂ ಹಿಂಬಾಲಿಸಿದೆ. ಎರಡು ಕಾಲುಗಳೂ ಸಮನಾಗಿ ಕೆಳಗಿಳಿದಿದ್ದವು, ನೆತ್ತಿ ಕೂಡಿತ್ತು. ಜೋಪಡಿಯ ಮಾಡು. ಎಂಟು.

1218 ಎಂದರೆ ಸುಮಾರಾಗಿ 1790ರ ಯುಗಾದಿಯಿಂದ 1791ರ ಯುಗಾದಿಯವರೆಗೆ. ಮೈಸೂರಿನ ಮೂರನೆಯ ಯುದ್ಧ ಆರಂಭವಾಗಿದ್ದ ವರ್ಷ. ಅದರ ಕೊನೆಯಲ್ಲಿ, 1791ರ ಮಾರ್ಚ್ 21ರ ರಾತ್ರಿ, ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿಯಿತು. ಪಟ್ಟಣದಲ್ಲಿ ಆನೆ ಪೈಸೆಗಳು ಆಗಲೂ ಅಚ್ಚಾಗುತ್ತಿದ್ದವೆಂಬುದಕ್ಕೆ ನನ್ನ ಮೇಜಿನ ಮೇಲಿದ್ದ 11.06 ಗ್ರಾಂ ತಾಮ್ರವೇ ಸಾಕ್ಷಿ. ಬಂದಾಗಿನ ತೂಕಕ್ಕಿಂತ ಇದು ಕಾಲು ಗ್ರಾಂ ಕಡಿಮೆ; ಆ ಕಾಲು ಗ್ರಾಮಿನಲ್ಲಿ ಬಹುಪಾಲು ಜಿಡ್ಡು ಮತ್ತು ಗಂಟು, ಸ್ವಲ್ಪ ನನ್ನ ತಪ್ಪು.

ಉಳಿದ ಕೆಲಸ ಬೇಗ ಮುಗಿಯಿತು. ಒಳಗೆ ಇನ್ನೂ ಕ್ಲೋರೈಡಿನ ಚೂರು ಉಳಿದಿದ್ದರೆ ಅದನ್ನು ಕಟ್ಟಿಹಾಕಲು ಬೆಂಜೋಟ್ರಯಜೋಲನ್ನು ಈಥೈಲ್ ಆಲ್ಕೊಹಾಲಿನಲ್ಲಿ ಶೇ. 3ರಷ್ಟು ಕರಗಿಸಿ, ನಾಣ್ಯವನ್ನು ಒಂದು ದಿನ ಅದರಲ್ಲಿಟ್ಟೆ. ಅದು ತಾಮ್ರದ ಮೇಲ್ಮೈಗೆ ಹತ್ತಿಕೊಂಡು ತೇವ ಒಳಗಿಳಿಯದಂತೆ ತಡೆಯುತ್ತದೆ. ಈ ಪದಾರ್ಥ ಮೈಗೆ ಒಳ್ಳೆಯದಲ್ಲ. ಕೈಗವಸು, ಗಾಳಿಯಾಡುವ ಜಾಗ, ಪ್ರಯೋಗಾಲಯದ ಅಭ್ಯಾಸ, ಈ ಮೂರರಲ್ಲಿ ಒಂದಿಲ್ಲದಿದ್ದರೂ ಮನೆಯಲ್ಲಿ ಮಾಡಬೇಡಿರೆಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಒಣ ಡಬ್ಬಿಯೊಂದೇ ನಾಣ್ಯವನ್ನು ಎಷ್ಟೋ ವರ್ಷ ಕಾಯಬಲ್ಲದು. ಮೇಲುಳಿದ ಪುಡಿಯನ್ನು ಆಲ್ಕೊಹಾಲಿನಲ್ಲಿ ಒರೆಸಿ, ಸೂಕ್ಷ್ಮ ಹರಳಿನ ಮೇಣವನ್ನು ಬೆರಳತುದಿಯಲ್ಲಿ ಇದ್ದೂ ಇಲ್ಲದಂತೆ ಸವರಿ, ಹತ್ತಿ ಬಟ್ಟೆಯಿಂದ ಉಜ್ಜಿದೆ. ಗುಲಾಬಿ ಚುಕ್ಕೆಯನ್ನು ಬಣ್ಣ ಹಾಕಿ ಮುಚ್ಚುವ ಆಸೆಯಾಯಿತಾದರೂ ಮುಚ್ಚಲಿಲ್ಲ. ಅದು ಆಗಲೇ ಕಂದಿಗೆ ತಿರುಗತೊಡಗಿದೆ. ಒದ್ದೆ ಹತ್ತಿಯ ಡಬ್ಬಿಯಲ್ಲಿ ಮತ್ತೆ ಎರಡು ರಾತ್ರಿ ಇಟ್ಟು ನೋಡಿದೆ, ಈ ಬಾರಿ ಏನೂ ಏಳಲಿಲ್ಲ.

ಇಡುವುದಕ್ಕೆ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಪಾಲಿಎಥಿಲೀನ್ ಫೋಮಿನಲ್ಲಿ ಕೊರೆದ 24 ಮಿಲಿಮೀಟರಿನ ಗುಂಡಿ, ಮೂಲೆಯಲ್ಲಿ ನೀಲಿ ಸಿಲಿಕಾ ಜೆಲ್. ನೀಲಿ ಗುಲಾಬಿಗೆ ತಿರುಗಿದರೆ ಅದು ತೇವವನ್ನು ಹೊಟ್ಟೆತುಂಬ ಕುಡಿದಿದೆಯೆಂದರ್ಥ; ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಹಳೆಯ ಆಲ್ಬಮ್ಮನ್ನು ಮೇಷ್ಟ್ರಿಗೆ ಹೇಳಿ ಎಸೆಸಿದೆ, ಅದರಲ್ಲಿದ್ದ ಉಳಿದ ಮೂವತ್ತು ನಾಣ್ಯಗಳನ್ನು ಪಿವಿಸಿ ಅಲ್ಲದ, ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಹೊದಿಕೆಗೆ ಬದಲಿಸಿಕೊಟ್ಟೆ.

ಫೋಟೋ ತೆಗೆಯುವುದಕ್ಕೆ ಮೂರು ಭಾನುವಾರ ಹಿಡಿಯಿತು. ಕಂದು ತಾಮ್ರದ ಮೇಲೆ ನೇರ ಬೆಳಕು ಬಿದ್ದರೆ ಎಲ್ಲವೂ ಚಪ್ಪಟೆಯಾಗುತ್ತದೆ. ಎಡ ಮೇಲ್ಬದಿಯಿಂದ, ಮೇಜಿಗೆ ಬಹುತೇಕ ಮಲಗಿದಂತೆ ಒಂದೇ ಒಂದು ದೀಪವನ್ನಿಟ್ಟು, ಎದುರುಬದಿಗೆ ನೆರಳು ತೀರ ಕಪ್ಪಾಗದಂತೆ ಬಿಳಿ ಕಾಗದದ ಗೋಡೆ ನಿಲ್ಲಿಸಿದಾಗ ಆನೆಯ ಸೊಂಡಿಲು, ಕಿವಿಯ ಮಡಿಕೆ, ಬೆನ್ನ ಮೇಲಿನ ನಾಲ್ಕು ಅಂಕಿಗಳು ಎದ್ದು ನಿಂತವು. 23 ಮಿಲಿಮೀಟರಿನ ನಾಣ್ಯವನ್ನು ಎ4 ಹಾಳೆಯಲ್ಲಿ ಹದಿನೆಂಟು ಸೆಂಟಿಮೀಟರಿಗೆ ಹಿಗ್ಗಿಸಿ ಮುದ್ರಿಸಿದೆ. ಇಸವಿಯ ಭಾಗವನ್ನು ಮಾತ್ರ ಇನ್ನೊಂದು ಹಾಳೆಯ ತುಂಬ.

ದಸರಾ ರಜೆಯಲ್ಲಿ ಮಂಡ್ಯಕ್ಕೆ ಹೋದೆ. ರೈಲು ಶ್ರೀರಂಗಪಟ್ಟಣದಲ್ಲಿ ನಿಂತಾಗ ಚೀಲದೊಳಗಿನ ಡಬ್ಬಿಯನ್ನು ಸುಮ್ಮನೆ ಒಮ್ಮೆ ಮುಟ್ಟಿ ನೋಡಿದೆ. ಮೇಷ್ಟ್ರು ಎರಡನೆಯ ಹಾಳೆಯನ್ನು ಕಿಟಕಿಗೆ ಹಿಡಿದು, ಮುಖವನ್ನು ಕಾಗದಕ್ಕೆ ತಾಗುವಷ್ಟು ಹತ್ತಿರ ತಂದು, ತೋರುಬೆರಳಿನಿಂದ ಎಡಗಾಲನ್ನು ಹತ್ತಿ, ನೆತ್ತಿಯಲ್ಲಿ ನಿಂತು, ಬಲಗಾಲನ್ನು ಇಳಿದರು. "ಎಂಟೇ ಕಣಮ್ಮ. ನಾನು ಸೌಮ್ಯ ಸಂವತ್ಸರ ಅಂತ ಹುಡುಗರಿಗೆಲ್ಲ ಹೇಳಿಕೊಂಡು ಬಂದಿದ್ದೆ." ನಾನು ತೊಳೆಯುವಾಗ ಆದ ಎರಡು ತಪ್ಪುಗಳನ್ನು ಹೇಳಿ, ಗುಲಾಬಿ ಚುಕ್ಕೆಯನ್ನು ತೋರಿಸಿದೆ. ಅವರಿಗೆ ಅದು ಕಾಣಲಿಲ್ಲ, ಕಾಣದಿದ್ದದ್ದಕ್ಕೆ ಬೇಸರವೂ ಆಗಲಿಲ್ಲ. ಇದಕ್ಕೆ ನಾನು ನಿಮಗೆ ಹೇಗೆ ಋಣಿಯೆಂದು ಏನೋ ಹೇಳಹೊರಟೆ, ಅವರು ಕೈಯಾಡಿಸಿ, "ಆ ಚೀಟಿ ಎಲ್ಲಿ?" ಎಂದರು. ತೆಗೆದುಕೊಟ್ಟೆ. ಪೆನ್ಸಿಲಿನಿಂದ ಏಳನ್ನು ಹೊಡೆದು ಮೇಲೆ ಎಂಟೆಂದು ಬರೆದು, ಪ್ರಶ್ನಾರ್ಥಕ ಚಿಹ್ನೆಯನ್ನೂ ಹೊಡೆದು, ಪಕ್ಕದಲ್ಲಿ ತಮ್ಮ ಹೆಸರಿನ ಮೊದಲಕ್ಷರ ಹಾಕಿದರು. ಸಾಲು ಸೊಟ್ಟಗಾಗಿದೆ.

ಹಳೆಯ ಕಾಗದದಲ್ಲಿ ಆಮ್ಲವಿರುವುದರಿಂದ ಆ ಚೀಟಿಯನ್ನು ನಾಣ್ಯದ ಡಬ್ಬಿಯಲ್ಲಿಡದೆ, ಬೇರೆಯೇ ಮೈಲಾರ್ ಹೊದಿಕೆಯಲ್ಲಿ ಹಾಕಿ, ಡಬ್ಬಿಯ ಕೆಳಗೆ ಇಟ್ಟಿದ್ದೇನೆ.